ದೋಣಿಗೆ ಹೋದ ದಿಮ್ಮಿ

ದೊರೆಯ ದೋಣಿ ನೀರಿಗಿಳಿದ ಎರಡನೇ ದಿನವೇ ಪಕ್ಕೆ ಮುರಿದುಕೊಂಡಿತು. ಆ ಮಧ್ಯಾಹ್ನ ಉಣ್ಣಲು ಬಂದ ಮುನಿಶಾಮಿ ಮುದ್ದೆ ಮುರಿಯದೆ ತಟ್ಟೆಯ ಮುಂದೆ ಸುಮ್ಮನೆ ಕೂತ. ಅವನ ತಾಯಿ ಬೈರಮ್ಮ ಹುರುಳಿ ಸಾರಿನ ಸೌಟು ಹಿಡಿದುಕೊಂಡೇ ಮಗನ ಮುಖ ನೋಡಿದಳು.

"ಯಾಕ್ಲಾ, ಉಪ್ಪು ಜಾಸ್ತಿ ಆಯ್ತಾ?"

"ದೋಣಿ ಒಡೆದೋಯ್ತಮ್ಮ. ಒಳಗಿನ ಪಕ್ಕೆಲುಬೆಲ್ಲ ಬಿಟ್ಕೊಂಡವೆ."

ಗೋಡೆಗೊರಗಿ ಉಣ್ಣುತ್ತಿದ್ದ ಅಪ್ಪ ಆವುಲಪ್ಪ ತುತ್ತಿನ ನಡುವೆಯೇ ನಕ್ಕ. "ಒಳ್ಳೇದೇ ಆಯ್ತು ಬುಡು. ನಿಮ್ಮಮ್ಮನ ಒಲೆಗೆ ಸೌದೆಗಾದ್ರೂ ಆಯ್ತದೆ."

"ನಗಬೇಡಪ್ಪ. ದೊರೆ ಸಂಕ್ರಾಂತಿ ಒಳಗೆ ಸರಿಮಾಡು ಅಂದವ್ರೆ. ಆಗದಿದ್ರೆ ಬೆಂಗಳೂರಿಂದ ಬೇರೆ ಆಳು ಕರೆಸ್ತಾರಂತೆ."

"ಕರೆಸ್ಲಿ. ನೀರುಗಂಟಿ ಮಗ ದೊರೆ ಆಟದ ಸಾಮಾನು ಕಾಯ್ಕೊಂಡು ಕೂತವ್ನೆ ಅಂತ ಊರೆಲ್ಲ ನಗ್ತಾ ಅದೆ. ಅದಾದ್ರೂ ತಪ್ಪಲಿ."

ಆವುಲಪ್ಪ ಅವಲಪಲ್ಲಿ ಮಗ್ಗುಲಿನ ದೊಡ್ಡಕೆರೆಯ ನೀರುಗಂಟಿ. ಅವನ ಅಪ್ಪ, ತಾತ, ಅವರ ಹಿಂದಿನವರು ಎಲ್ಲರೂ ಅದೇ. ಕೆರೆಯ ತೂಬು ತೆಗೆಯುವುದು, ಗದ್ದೆಗದ್ದೆಗೆ ನೀರು ಹಂಚುವುದು, ಪೈರು ಕೈಗೆ ಬಂದ ಮೇಲೆ ತೂಬು ಮುಚ್ಚುವುದು. ಅದಕ್ಕೆ ಪ್ರತಿಯಾಗಿ ಊರಿನವರು ಕಣದಲ್ಲಿ ನೆಲ್ಲು ಅಳೆದು ಕೊಡುತ್ತಿದ್ದರು, ಏರಿಯ ಕೆಳಗೆ ಒಂದು ಗದ್ದೆಯನ್ನು ಮಾನ್ಯವಾಗಿ ಬಿಟ್ಟಿದ್ದರು. ತೂಬು ತೆಗೆಯುವ ಕೈ ಯಾರದೋ ಆ ಗದ್ದೆ ಅವರದು, ಅಷ್ಟೇ ಲೆಕ್ಕ. ಮನೆಯ ಅನ್ನವೆಲ್ಲ ಆ ಗದ್ದೆಯದೇ.

ಇನ್ನು ದೋಣಿಯ ವಿಷಯ. ಹೊಸೂರಿನ ಬಂಗಲೆಯಲ್ಲಿದ್ದ ಪಾರ್ಕಿನ್ ದೊರೆಗೆ ಕುದುರೆ ಸಾಲದೆ ನೀರಿನ ಮೇಲೂ ಓಡುವ ಹುಚ್ಚು. ಅವನದು ಹಾಯಿ ಕಟ್ಟಿದ ಪುಟ್ಟ ದೋಣಿ. ಮೀನು ಹಿಡಿಯುವುದಕ್ಕಲ್ಲ, ಜನ ಸಾಗಿಸುವುದಕ್ಕಲ್ಲ. ಇನ್ನೊಂದು ದೋಣಿಗಿಂತ ಮುಂದೆ ಹೋಗುವುದಕ್ಕೆ ಮಾತ್ರ. ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ದೊರೆಗಳು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ದೊಡ್ಡಕೆರೆಯಲ್ಲಿ ಪಂದ್ಯ ಕಟ್ಟುತ್ತಿದ್ದರು. ದೋಣಿಗೆ ಉಪ್ಪು ಕಾಗದ ಉಜ್ಜಿ ವಾರ್ನಿಶ್ ಬಳಿಯಲು, ಹಾಯಿ ಒಣಗಿಸಲು, ಸೋರಿದರೆ ಮುಚ್ಚಲು ಮುನಿಶಾಮಿಯನ್ನು ಇಟ್ಟುಕೊಂಡಿದ್ದ. ಯುದ್ಧ ಮುಗಿದು ತಿಂಗಳುಗಳಾಗಿದ್ದರೂ ಸೀಮೆಎಣ್ಣೆಯ ರೇಷನ್ ಮುಗಿದಿರಲಿಲ್ಲ. ಊರೆಲ್ಲ ಹರಳೆಣ್ಣೆ ದೀಪ ಹಚ್ಚುತ್ತಿದ್ದಾಗ ಬೈರಮ್ಮನ ಮನೆಯಲ್ಲಿ ದೊರೆ ಕೊಟ್ಟ ಸೀಮೆಎಣ್ಣೆಯಲ್ಲಿ ಲಾಂದ್ರ ಉರಿಯುತ್ತಿತ್ತು. ಅದನ್ನೂ ಊರು ಕಣ್ಣಲ್ಲಿಟ್ಟುಕೊಂಡಿತ್ತು.

ದೋಣಿ ಯಾಕೆ ಒಡೆಯಿತು ಎಂದರೆ, ಅದನ್ನು ರಿಪೇರಿ ಮಾಡಿದವನು ನೀರುಗಂಟಿಯ ಮಗನಾಗಿದ್ದರಿಂದಲೇ ಒಡೆಯಿತು. ಬೇಸಿಗೆಯೆಲ್ಲ ಹೊಂಗೆಯ ಮರದಡಿ ಬೋರಲು ಮಲಗಿದ್ದ ದೋಣಿಯ ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು. ನೀರು ನಿಲ್ಲಿಸುವುದಕ್ಕೆ ಮುನಿಶಾಮಿಗೆ ಗೊತ್ತಿದ್ದದ್ದು ಅಪ್ಪ ಕಲಿಸಿದ ಒಂದೇ ದಾರಿ: ತೂಬು ಜಿನುಗಿದರೆ ಚಿಂದಿ, ನಾರು, ಜೇಡಿಮಣ್ಣು ಸೇರಿಸಿ ಇನ್ನು ಹಿಡಿಯದು ಎನ್ನುವವರೆಗೆ ಜಡಿಯುವುದು. ಹಾಗೆಯೇ ಅವನು ಸಣಬಿನ ನಾರನ್ನು ರಾಳದಲ್ಲಿ ಅದ್ದಿ, ಸಂದುಸಂದಿಗೂ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತುಂಬಿದ. ಮೊದಲ ದಿನ ಒಂದು ಹನಿ ಒಳಗೆ ಬರಲಿಲ್ಲ. ಆದರೆ ಒಣಮರ ನೀರು ಕುಡಿದ ಮೇಲೆ ಊದಿಕೊಳ್ಳದೆ ಇರುತ್ತದೆಯೇ? ಊದುವುದಕ್ಕೆ ಜಾಗವಿಲ್ಲದೆ ಹಲಗೆಗೆ ಹಲಗೆ ಒದ್ದು, ಮೊಳೆ ಕಿತ್ತು, ಒಳಗಿನ ಪಕ್ಕೆಲುಬುಗಳು ಮುರಿದವು. ಕಲ್ಲಿನ ತೂಬು ಊದುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಕಲ್ಲು.

"ಹೊಸ ಪಕ್ಕೆಲುಬು ಮಾಡೋಕೆ ಮರ ಸಿಗ್ತಾ ಇಲ್ಲಮ್ಮ," ಎಂದ ಮುನಿಶಾಮಿ, ಮಾರನೆಯ ದಿನ. ಬೈರಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಒಳ್ಳೆ ಮರ ಎಲ್ಲ ಮಿಲಿಟರಿಗೆ ಹೋಯ್ತಂತೆ. ಅಂಗಡೀಲಿರೋದು ಹಸಿಮರ. ಬಗ್ಸಿದ್ರೆ ಸೀಳ್ತದೆ. ನೀರಲ್ಲಿ ಹಣ್ಣಾಗಿರೋ ಮರ ಬೇಕು."

ಬೈರಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವನು ಏನು ಕೇಳಲು ಬಂದಿದ್ದಾನೆಂದು ಅವಳಿಗೆ ಗೊತ್ತಾಗಿತ್ತು.

"ನಮ್ಮ ದಿಮ್ಮಿ ಎಲ್ಲಿ ಹೂತವ್ರಮ್ಮ?"

"ಅದು ತೂಬಿಗೆ ಅಂತ ಇಟ್ಟಿರೋದು ಕಣ್ಲಾ."

"ನನಗೆ ಅಂತ ತಾನೇ ಇಟ್ಟಿರೋದು?"

ನೀರುಗಂಟಿಯ ಮನೆಯಲ್ಲಿ ಗಂಡು ಹುಟ್ಟಿದರೆ ಅಪ್ಪನಾದವನು ಒಂದು ಹೊನ್ನೆಯ ದಿಮ್ಮಿ ತಂದು ಕೆರೆಯ ಗೋಡಿನಲ್ಲಿ ಹೂತಿಡಬೇಕು. ವರ್ಷಗಟ್ಟಲೆ ಕೆಸರಿನಲ್ಲಿ ಮಲಗಿದ ಮರಕ್ಕೆ ಹುಳು ಹತ್ತುವುದಿಲ್ಲ. ಮಗ ಕೆಲಸಕ್ಕೆ ಬಂದ ವರ್ಷ ಅದನ್ನೆತ್ತಿ ತೂಬಿನ ಹೊಸ ಗಳು ಮಾಡುತ್ತಾರೆ. ತೂಬೆಂದರೆ ಕೆರೆಯ ತಳದ ಕಲ್ಲಿನಲ್ಲಿ ಒಂದು ತೂತು. ತೂತಿಗೆ ಮರದ ಬೆಣೆ. ಬೆಣೆಯ ತಲೆಗೆ ಜೋಡಿಸಿದ ಗಳು ಎರಡು ಕಲ್ಲುಕಂಬಗಳ ನಡುವೆ ನೀರಿನಿಂದ ಮೇಲೆ ನಿಂತಿರುತ್ತದೆ. ಗಳು ಗಟ್ಟಿಯಿದ್ದರೆ ಮೇಲೆ ನಿಂತು ಎತ್ತಿದರಾಯಿತು. ಅದು ಕೊಳೆತು ಬೆಣೆಯಿಂದ ಕಳಚಿದರೆ ಮಾತ್ರ ಮುಳುಗಿ ಕೈಯಲ್ಲೇ ಕೀಳಬೇಕು.

ಹಾಗೆ ಕೀಳಲು ಹೋದವನು ಆವುಲಪ್ಪನ ತಮ್ಮ ಚಿನ್ನಸ್ವಾಮಿ. ಬೆಣೆ ಬಂತು, ನುಗ್ಗಿದ ನೀರು ಅವನ ತೋಳನ್ನು ತೂತಿನೊಳಕ್ಕೆ ಎಳೆದುಕೊಂಡಿತು. ಆ ಮೈಗೆ ಅರಿಶಿನ ಹಚ್ಚಿ ತೊಳೆದವಳು ಬೈರಮ್ಮ. ಆಗ ಮುನಿಶಾಮಿ ಅಂಬೆಗಾಲಿಕ್ಕುತ್ತಿದ್ದ. ಅಂದಿನಿಂದ ಅವಳಿಗೆ ಇದ್ದದ್ದು ಒಂದೇ ಭಯ, ಒಂದೇ ಹರಕೆ: ನನ್ನ ಮಗನನ್ನು ಆ ಬಾಯಿಗೆ ಕೊಡಬೇಡ. ಅದನ್ನು ಗಂಡನ ಮುಂದೆ ಆಡುವ ಹಾಗಿರಲಿಲ್ಲ. ಈಗ ಅವಳಿಗೆ ಹೊಳೆಯಿತು: ದಿಮ್ಮಿ ಇಲ್ಲದಿದ್ದರೆ ಹೊಸ ಗಳು ಇಲ್ಲ, ಹೊಸ ಗಳು ಇಲ್ಲದಿದ್ದರೆ ಮಗನಿಗೆ ನೀರುಗಂಟಿಕೆ ಇಲ್ಲ. ಮಗ ದೋಣಿಯ ಜೊತೆ ನೀರಿನ ಮೇಲೇ ಇರಲಿ, ತಳಕ್ಕೆ ಹೋಗುವುದು ಬೇಡ.

"ಏರಿ ಮೂಲೇಲಿ ಜಾಲಿಮರ ಅದಲ್ಲ, ಅದರ ನೆರಳು ಬೆಳಗ್ಗೆ ಬೀಳೋ ಕಡೆ," ಎಂದಳು. "ನಿಮ್ಮಪ್ಪ ಹೂಳುವಾಗ ನಾನೇ ದೀಪ ಹಿಡಿದಿದ್ದೆ. ನಾನು ಹೇಳ್ದೆ ಅಂತ ಬಾಯಿ ಬಿಟ್ಟೀಯ, ಜೋಕೆ."

ಶನಿವಾರ ಆ ಮನೆಯಲ್ಲಿ ಎಣ್ಣೆನೀರಿನ ದಿನ. ಆವುಲಪ್ಪ ಮೈತುಂಬ ಹರಳೆಣ್ಣೆ ತಿಕ್ಕಿಕೊಂಡು ಬಚ್ಚಲಿಗೆ ಬಂದರೆ ಅಲ್ಲಿ ಹಂಡೆಯೇ ಇಲ್ಲ. ಹಂಡೆ ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಕೂತು ಕುದಿಯುತ್ತಿತ್ತು. ಗೋಣಿತಾಟು ಮುಚ್ಚಿದ ಅದರ ಬಾಯಿಂದ ಮರದ ಪಟ್ಟಿಗಳು ಇಣುಕುತ್ತಿದ್ದವು. ಸೊಸೆ ಮುನಿರತ್ನಮ್ಮ ಬಸುರಿ ಹೊಟ್ಟೆ ಹಿಡಿದುಕೊಂಡು ಉರಿ ಹಾಕುತ್ತಿದ್ದಳು.

"ಏನಮ್ಮ ಇದು, ನನ್ನ ಹಂಡೇಲಿ ಏನ್ ಬೇಯ್ತಾ ಅದೆ?"

"ದೋಣಿ ಪಕ್ಕೆಲುಬು ಮಾವ. ಮರ ಬೆಂದ್ರೆ ಬಗ್ತದಂತೆ. ಡೆಂಕಣಿಕೋಟೆ ಕಡೆ ಆನೆ ಕಾಟ ಅಂತ ನಮ್ಮಪ್ಪ ನನ್ನ ಈ ಊರಿಗೆ ಕೊಟ್ರು. ಇಲ್ಲಿ ನೋಡಿದ್ರೆ ದೋಣಿ ಕಾಟ."

ಆವುಲಪ್ಪ ನಗುತ್ತಲೇ ಹಂಡೆಯೊಳಕ್ಕೆ ಬಗ್ಗಿದ. ನೀರು ಕಾಚಿನ ಬಣ್ಣಕ್ಕೆ ತಿರುಗಿತ್ತು. ಅವನ ನಗು ಅಲ್ಲೇ ನಿಂತಿತು. ಒಂದು ಪಟ್ಟಿ ಎಳೆದು ಮೂಸಿದ.

"ಇದು ಹೊನ್ನೆ. ಲೋ ಮುನಿಶಾಮಿ! ಎಲ್ಲಿಂದ ತಂದ್ಯೋ ಇದನ್ನ?"

ಮುನಿಶಾಮಿ ಕೈಯಲ್ಲಿ ಬಾಚಿ ಹಿಡಿದೇ ಕೊಟ್ಟಿಗೆಯಿಂದ ಬಂದ. "ಹೊಸೂರಿಂದ."

"ಹೊಸೂರು ಮರಕ್ಕೆ ನಮ್ಮ ಕೆರೆ ಗೋಡು ಮೆತ್ಕೊಂಡಿರ್ತದಾ?"

ಮಗ ತಲೆ ತಗ್ಗಿಸುತ್ತಾನೆ ಎಂದು ಬೈರಮ್ಮ ಒಳಗಿನಿಂದ ಅಂದುಕೊಂಡಳು. ತಗ್ಗಿಸಲಿಲ್ಲ. "ನನಗೇ ಅಂತ ಹೂತಿದ್ದಲ್ವಾ? ನನ್ನ ದಿಮ್ಮಿ. ನಾನು ಬಳಸ್ಕೊಂಡೆ."

"ನಿಂದು? ಊರಿನ ನೀರಿಗೆ ಇಟ್ಟಿದ್ದನ್ನ ಕುಯ್ದು ಆ ಬಿಳಿಯನ ಆಟಕ್ಕೆ ಹಾಕಿದ್ಯಲ್ಲೋ! ಹಳೇ ಗಳು ಬುಡ ಮೆತ್ತಗಾಗ್ಯದೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಇನ್ನೊಂದು ಮರ ತಂದ್ರೆ ಆಯ್ತು."

"ತರೋದು ಸುಲಭ ಕಣ್ಲಾ. ಹಣ್ಣಾಗೋಕೆ ನೀನು ಹುಟ್ಟಿ ಗಡ್ಡ ಬರೋವಷ್ಟು ಕಾಲ ಬೇಕು. ಜಾಗ ಯಾರು ತೋರ್ಸಿದ್ರು?"

"ನಾನೇ ಹುಡುಕ್ದೆ."

ಆವುಲಪ್ಪ ಪಟ್ಟಿಯನ್ನು ಹಂಡೆಗೆ ಎಸೆದ. ಬಾವಿಯ ಹತ್ತಿರ ಹೋಗಿ, ಎಣ್ಣೆಮೈಗೆ ತಣ್ಣೀರನ್ನೇ ಕೊಡಗಟ್ಟಲೆ ಸುರಿದುಕೊಂಡ. ಮಾರ್ಗಶಿರದ ಚಳಿ. "ಬೇಡ, ಎದೆ ಕಟ್ತದೆ" ಎಂದು ಬೈರಮ್ಮ ಓಡಿಬಂದರೂ ನಿಲ್ಲಿಸಲಿಲ್ಲ. ಅಂದು ಹತ್ತಿದ ಕೆಮ್ಮು ಆಮೇಲೆ ಅವನನ್ನು ಬಿಡಲಿಲ್ಲ.

ಮನೆಯಲ್ಲಿ ಎರಡು ಪಂಕ್ತಿಯಾಯಿತು. ಅಪ್ಪ ಎದ್ದ ಮೇಲೆ ಮಗ ಕೂರುವುದು, ಮಗ ಬರುವ ಮುಂಚೆ ಅಪ್ಪ ಏಳುವುದು. ಬೈರಮ್ಮ ಒಂದೇ ಅಡಿಗೆಯನ್ನು ಎರಡು ಸಲ ಬಿಸಿಮಾಡಿ ಎರಡು ಸಲ ಬಡಿಸಿದಳು. ಮಾತೆಲ್ಲ ಸೊಸೆಯ ಮೂಲಕ. "ನಿನ್ನ ಗಂಡನಿಗೆ ಹೇಳು, ಎತ್ತಿಗೆ ಹುಲ್ಲಿಲ್ಲ." "ಮಾವನಿಗೆ ಹೇಳು, ಹಾಕಾಯ್ತು." ಮುನಿರತ್ನಮ್ಮ ಸಾಕಾಗಿ ಒಂದು ದಿನ, "ಇಬ್ರೂ ನನ್ನ ಹೊಟ್ಟೇಲಿರೋದಕ್ಕೇ ಹೇಳ್ಬುಡಿ, ಅದೇ ದೊಡ್ಡೋರಾಗಿ ತೀರ್ಮಾನ ಮಾಡ್ತದೆ" ಎಂದಳು. ಯಾರೂ ನಗಲಿಲ್ಲ.

ದೋಣಿ ಮಾತ್ರ ಸರಿಯಾಗುತ್ತಾ ಬಂತು. ಬಿಸಿಬಿಸಿ ಪಟ್ಟಿಗಳನ್ನು ಹಲಗೆಯ ಬಾಗಿಗೆ ಒತ್ತಿ ಹಿಡಿದು, ತಾಮ್ರದ ಮೊಳೆ ಜಡಿದು, ಮುನಿಶಾಮಿ ಒಂದೊಂದೇ ಪಕ್ಕೆಲುಬು ಕೂರಿಸಿದ. ಈ ಸಲ ಸಂದಿಗೆ ನಾರನ್ನು ಬೆರಳಲ್ಲೇ ಮೆತ್ತಗೆ ತುಂಬಿ, ದೋಣಿಯನ್ನು ದಡದ ನೀರಿನಲ್ಲಿ ಸೋರಲು ಬಿಟ್ಟ. ಮರ ಕುಡಿದು ತಾನೇ ಮುಚ್ಚಿಕೊಂಡಿತು. ಹರಿದ ಹಾಯಿಗೆ ಮುನಿರತ್ನಮ್ಮ ಒತ್ತಾಗಿ ತೇಪೆ ಹಾಕಿದಳು. ಒಂದು ಸಂಜೆ ಬಟ್ಟೆ ಒಗೆಯಲು ಹೋದ ಬೈರಮ್ಮ ಹಾಯಿ ಕಟ್ಟಿದ ದೋಣಿಯಲ್ಲಿ ಮಗನನ್ನು ನೋಡಿದಳು. ಗಾಳಿ ಬಡಿದಾಗ ದೋಣಿ ಒಂದು ಮಗ್ಗುಲಿಗೆ ಒರಗಿತು; ಅವನು ಇನ್ನೊಂದು ಮಗ್ಗುಲಿಗೆ ಮೈಚಾಚಿ ನೀರಿನ ಮೇಲೆ ನೇತಾಡುತ್ತಾ ಹೋ ಎಂದು ಕೂಗಿದ. ಮದುವೆಯ ದಿನವೂ ಅವನ ಮುಖದಲ್ಲಿ ಅಂಥ ಸಂತೋಷ ಕಂಡಿರಲಿಲ್ಲ. ಅವಳಿಗೂ ಸಂತೋಷವಾಯಿತು.

ಆದರೆ ತಿರುಗಿ ನೋಡಿದರೆ ಏರಿಯ ಆ ತುದಿಯಲ್ಲಿ ಗಂಡ ತೂಬಿನ ಹಳೆಯ ಗಳುವಿಗೆ ಕಮ್ಮಾರನಿಂದ ತಂದ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದ. ಪಟ್ಟಿ ಕೂತದ್ದು ನೀರಿನ ಮೇಲಿನ ಭಾಗಕ್ಕೆ. ಬುಡದಲ್ಲಿ ಕೊಳೆತದ್ದು ಕೊಳೆತೇ ಇತ್ತು.

"ತಡೀತದಾ?" ಎಂದು ಕೇಳಿದಳು.

"ತಡೀದಿದ್ರೆ ಮುಳುಗ್ತೀನಿ. ಇನ್ನೇನ್ ಮಾಡೋದು?" ಎಂದ ಅವನು, ಕೆಮ್ಮುತ್ತಾ.

ಆಗ ಬೈರಮ್ಮನಿಗೆ ತನ್ನ ತಪ್ಪು ತಿಳಿಯಿತು. ದಿಮ್ಮಿ ಇಲ್ಲದಿದ್ದರೆ ನೀರುಗಂಟಿಕೆ ಇಲ್ಲ ಎಂದು ಲೆಕ್ಕ ಹಾಕಿದವಳು, ದಿಮ್ಮಿ ಇಲ್ಲದಿದ್ದರೆ ಕೈಯೇ ಹಾಕಬೇಕು ಎಂಬುದನ್ನು ಮರೆತಿದ್ದಳು. ಮಗನನ್ನು ಬಿಡಿಸಲು ಹೋಗಿ ಗಂಡನನ್ನು ಆ ಬಾಯಿಯ ಮುಂದೆ ನಿಲ್ಲಿಸಿದ್ದಳು.

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ಊರಗೌಡ ರಾಮಾಂಜಿನಪ್ಪ ಜಗಲಿಗೆ ಬಂದ. ಹಿಂದೆಯೇ ಆವುಲಪ್ಪನ ದಾಯಾದಿ ವೆಂಕಟಸ್ವಾಮಿ. ನೀರುಗಂಟಿಕೆಯ ಮೇಲೆ ಅವನಿಗೆ ಹಿಂದಿನಿಂದಲೂ ಕಣ್ಣು.

"ಆವುಲಪ್ಪ, ಒಟ್ಟಲಲ್ಲಿ ಪೈರು ನಾಟಿಗೆ ಎದ್ದು ನಿಂತದೆ. ಶುಕ್ರವಾರ ತೂಬು ತೆಗೀಬೇಕು," ಎಂದ ಗೌಡ.

"ತೆಗೆಯೋಣ ಗೌಡ್ರೆ."

ಒಳಗಿದ್ದ ಮುನಿಶಾಮಿ ಹೊರಗೆ ಬಂದ. "ಗೌಡ್ರೆ, ಭಾನುವಾರ ದೊರೆಗಳ ಪಂದ್ಯ ಅದೆ. ನೀರು ಇಳಿದ್ರೆ ದೋಣಿ ಅಡಿಹಲಗೆ ನೆಲಕ್ಕೆ ತಾಕ್ತದೆ. ಸೋಮವಾರಕ್ಕೆ ಇಟ್ಕೊಳ್ಳಿ."

"ದೊರೆ ಪಂದ್ಯಕ್ಕೆ ನಮ್ಮ ಪೈರು ಕಾಯ್ಬೇಕಾ?" ಎಂದ ವೆಂಕಟಸ್ವಾಮಿ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನೋಡಿದ್ರಾ ಗೌಡ್ರೆ? ಅಪ್ಪನಿಗೆ ದಮ್ಮಿಲ್ಲ, ಮಗನಿಗೆ ಮನಸ್ಸಿಲ್ಲ. ಯಾರ ಕೈಲಾಯ್ತದೋ ಅವರು ತೆಗೀಲಿ, ಮಾನ್ಯದ ಗದ್ದೇನೂ ಅವರೇ ಉಳಲಿ."

"ದಮ್ಮು ಅದೆಯೋ ಇಲ್ವೋ ಶುಕ್ರವಾರ ನೋಡೀವಂತೆ," ಎಂದ ಆವುಲಪ್ಪ. ಆಮೇಲೆ ಮಗನ ಕಡೆ ನೋಡದೆ, ಬಾಗಿಲಲ್ಲಿದ್ದ ಸೊಸೆಗೆ ಹೇಳಿದ: "ನಿನ್ನ ಗಂಡನಿಗೆ ಹೇಳಮ್ಮ. ಅವನು ದೋಣಿ ನೋಡ್ಕಳ್ಳಿ. ತೂಬಿನ ಹತ್ರ ಬರೋದು ಬೇಡ."

ಗುರುವಾರ ಬೈರಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿ, ಗಂಡನ ಮುಂದೆ ಕೂತು ಕೇಳಿಯೇಬಿಟ್ಟಳು. "ವೆಂಕಟಸ್ವಾಮಿಗೇ ಬುಟ್ಬುಡು. ಗದ್ದೆ ಹೋದ್ರೆ ಹೋಯ್ತದೆ. ರಾಗಿ ತಿಂದ್ಕೊಂಡು ಬದುಕಣ."

"ಗದ್ದೆ ಹೋದ್ರೆ ರಾಗಿ ತಿನ್ನಬಹುದು. ಮಾನ ಹೋದ್ರೆ?"

"ಚಿನ್ನಸ್ವಾಮಿ ಮಾನಕ್ಕೇ ಅಲ್ವಾ ಮುಳುಗಿದ್ದು?"

ಅವನು ಸಾರಿನ ತಟ್ಟೆ ತಳ್ಳಿ ಎದ್ದುಹೋದ. ಅಷ್ಟು ಪ್ರೀತಿಯಿಂದ ಮಾಡಿದ ಸಾರು ಅಂದು ನಾಯಿಗೆ ಬಿತ್ತು.

ಶುಕ್ರವಾರ ಬೆಳಗ್ಗೆ ಏರಿಯ ಮೇಲೆ ಊರೆಲ್ಲ ಸೇರಿತು. ಗಂಡಸರು ತೂಬಿನ ಹತ್ತಿರ, ಹೆಂಗಸರು ದೂರದಲ್ಲಿ. ತೂಬು ತೆಗೆಯುವ ದಿನ ಹೆಂಗಸು ತೂಬಿನ ಕಲ್ಲು ಮುಟ್ಟುವ ಹಾಗಿಲ್ಲ; ಮುಟ್ಟಿದರೆ ಗಂಗಮ್ಮ ಮುನಿಯುತ್ತಾಳೆ, ಅವತ್ತಿನ ಕೆಲಸ ಕೆಟ್ಟಿತು, ಮತ್ತೆ ಶಾಂತಿ ಮಾಡಿಸಿ ಇನ್ನೊಂದು ಶುಕ್ರವಾರಕ್ಕೆ ಕಾಯಬೇಕು. ಅದು ಆ ಊರಿನ ಕಟ್ಟಳೆ. ಹಾಗೆ ಮುಟ್ಟಿದವಳು ಇದ್ದಾಳೆಂದು ಯಾರೂ ಕೇಳಿರಲಿಲ್ಲ.

ಆವುಲಪ್ಪ ಕರ್ಪೂರ ಹಚ್ಚಿ, ಕಾಯಿ ಒಡೆದು, ಏರಿಯಿಂದ ಕಂಬಗಳವರೆಗೆ ಹಾಸಿದ್ದ ಚಪ್ಪಡಿಯ ಮೇಲೆ ನಡೆದುಹೋಗಿ ಗಳು ಹಿಡಿದು ಎತ್ತಿದ. ಗಳು ಸಲೀಸಾಗಿ ಮೇಲೆ ಬಂತು. ಜನ ಗಂಗಮ್ಮನಿಗೆ ಜೈ ಎಂದರು. ಆಮೇಲೆ ಕಾಲುವೆಯ ಕಡೆ ನೋಡಿದರೆ ಒಂದು ತೊಟ್ಟು ನೀರಿಲ್ಲ. ಗಳುವಿನ ಬುಡ ಹುಡಿಹುಡಿಯಾಗಿ ಉದುರುತ್ತಿತ್ತು. ಬೆಣೆ ತಳದಲ್ಲೇ ಉಳಿದಿತ್ತು.

ಅವನು ಪಂಚೆ ಕಳಚಿ ಲಂಗೋಟಿಯಲ್ಲಿ ಮುಳುಗಿದ. ಮೇಲೆ ಬಂದ. ಕೆಮ್ಮಿದ. ಮತ್ತೆ ಮುಳುಗಿದ. ಈ ಸಲ ಬರುವುದು ತಡವಾಯಿತು. ಬಂದಾಗ ಮುಖ ಕಪ್ಪಿಟ್ಟಿತ್ತು, ಕಂಬ ತಬ್ಬಿಕೊಂಡು ಬಾಯಿ ಬಿಡುತ್ತಿದ್ದ.

"ಸಾಕು ಬಾ ಆವುಲಪ್ಪ," ಎಂದ ಗೌಡ.

"ಅಲ್ಲಾಡ್ತಾ ಅದೆ. ಇನ್ನೊಂದು ಸಲ."

ಅಷ್ಟರಲ್ಲಿ ದೋಣಿಯ ಕಡೆಯಿಂದ ಮುನಿಶಾಮಿ ಏರಿಯ ಮೇಲೆ ಓಡಿಬಂದ, ಓಡುತ್ತಲೇ ಅಂಗಿ ಕಿತ್ತೆಸೆದ. "ಅಪ್ಪ ಬುಡು, ನಾನು ಇಳೀತೀನಿ!"

"ನೀನು ಈ ಕಲ್ಲು ಮುಟ್ಟಬೇಡ! ದೋಣಿ ಹತ್ರ ಹೋಗು!"

"ಬೆಣೆ ಬಂದ್ರೆ ಕೈ ಎಳ್ಕೊಳ್ಳೋಕೆ ನಿನಗೆ ಶಕ್ತಿ ಎಲ್ಲಿ ಅದೆ? ಮೇಲೆ ಬಾ!"

"ನಾನು ಬದುಕಿರೋ ತನಕ ನಾನೇ ನೀರುಗಂಟಿ!"

ಬೈರಮ್ಮ ಇಬ್ಬರನ್ನೂ ನೋಡಿದಳು. ಇಬ್ಬರಲ್ಲಿ ಒಬ್ಬ ಇಳಿಯುತ್ತಾನೆ. ಅವನು ಬರದಿದ್ದರೆ ಇನ್ನೊಬ್ಬನೂ ಇಳಿಯುತ್ತಾನೆ. ಅವಳ ಕಣ್ಣಿಗೆ ಚಿನ್ನಸ್ವಾಮಿಯ ನೀಲಿಗಟ್ಟಿದ ತೋಳು ಬಂತು. ಹೆಂಗಸರ ಗುಂಪಿನಿಂದ ಎದ್ದು ಸೆರಗು ಬಿಗಿದು ನಡೆದಳು. ಎತ್ತ ಹೋಗುತ್ತಿದ್ದಾಳೆಂದು ಜನಕ್ಕೆ ತಿಳಿಯುವಷ್ಟರಲ್ಲಿ ಮಗನನ್ನು ಪಕ್ಕಕ್ಕೆ ತಳ್ಳಿ, ಚಪ್ಪಡಿ ದಾಟಿ, ತೂಬಿನ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತುಬಿಟ್ಟಳು.

ಮೊದಲು ಕೂಗಿದವನು ವೆಂಕಟಸ್ವಾಮಿ. "ಅತ್ಗೆ! ಕೆಡಿಸ್ಬುಟ್ಯಲ್ಲ!"

"ಕೆಡಿಸ್ದೆ," ಎಂದಳು ಬೈರಮ್ಮ. "ಇವತ್ತು ಇಲ್ಲಿ ಯಾರೂ ಮುಳುಗಂಗಿಲ್ಲ. ಗೌಡ್ರೆ, ಶಾಂತಿ ಮಾಡ್ಸಿ, ದಂಡ ಹಾಕಿ, ಗದ್ದೆ ಕಿತ್ಕೊಳ್ಳಿ. ದಿಮ್ಮಿ ಜಾಗ ತೋರಿಸ್ದೋಳೂ ನಾನೇ. ತಪ್ಪೆಲ್ಲ ನಂದೇ."

ಕಂಬ ಹಿಡಿದು ನೀರಿನಲ್ಲಿ ತೇಲುತ್ತಿದ್ದ ಆವುಲಪ್ಪ ಅವಳನ್ನು ನೋಡಿದ. ಮೆಲ್ಲಗೆ ಮೇಲೆ ಹತ್ತಿ, ಪಂಚೆ ಸುತ್ತಿಕೊಂಡು, ಜನ ಬಿಟ್ಟ ದಾರಿಯಲ್ಲಿ ಒಬ್ಬನೇ ಮನೆಗೆ ಹೋದ.

ಗೌಡ ತೀರ್ಮಾನ ಕೊಟ್ಟ: ನೀರುಗಂಟಿಕೆ ಮತ್ತು ಗದ್ದೆ ವೆಂಕಟಸ್ವಾಮಿಗೆ, ಮುಂದಿನ ಶುಕ್ರವಾರ ಅವನೇ ಮುಳುಗಿ ಬೆಣೆ ಕೀಳಬೇಕು. ಮೊದಲನೆಯ ಮಾತಿಗೆ ಕೈಮುಗಿದ ವೆಂಕಟಸ್ವಾಮಿ ಎರಡನೆಯದಕ್ಕೆ ಬಗ್ಗಿ ನೀರಿನೊಳಗೆ ನೋಡಿ, "ಅವಸರ ಯಾಕೆ ಗೌಡ್ರೆ, ನೀರು ಎದೆಮಟ್ಟಕ್ಕೆ ಇಳೀಲಿ" ಎಂದ. ಬೇರೆ ಯಾರೂ ಮುಂದೆ ಬರಲಿಲ್ಲ. ಅಲ್ಲಿಯವರೆಗೆ ಕೆರೆಕೋಡಿಯ ಹತ್ತಿರ ಮನೆಗೊಂದು ಜೋಡಿ ಬಂದು ಹಗ್ಗ ಕಟ್ಟಿದ ಗೂಡೆಯಲ್ಲಿ ನೀರೆತ್ತಿ ಕಾಲುವೆಗೆ ಹಾಕಿ ಪೈರು ಉಳಿಸಿಕೊಳ್ಳಬೇಕೆಂದಾಯಿತು.

ಭಾನುವಾರ ತುಂಬಿದ ಕೆರೆಯಲ್ಲಿ ಪಂದ್ಯ ನಡೆಯಿತು. ಹೊನ್ನೆಯ ಪಕ್ಕೆಲುಬು ಗಟ್ಟಿಯಾಗಿ ನಿಂತವು. ಪಾರ್ಕಿನ್ ದೊರೆ ಗೆದ್ದ. ಗೂಡೆ ಎಳೆದು ರಟ್ಟೆ ಬಿದ್ದುಹೋಗಿದ್ದ ಜನ ಆ ಬಿಳಿಯ ಹಾಯಿಗಳನ್ನು ನೋಡಿ ಒಂದೇ ಮಾತಾಡಿಕೊಂಡರು: ಮಗನ ದೋಣಿ ಗೆಲ್ಲಲಿ ಅಂತ ಬೈರಮ್ಮ ಊರಿನ ನೀರು ನಿಲ್ಲಿಸಿದಳು. ಸೋಮವಾರ ದೊರೆಯ ಪೇದೆ ಒಂದಿಡೀ ಡಬ್ಬ ಸೀಮೆಎಣ್ಣೆ ಹೊತ್ತುಕೊಂಡು ಬೀದಿಯ ನಡುವೆಯೇ ಬಂದ.

"ದೊರೆ ಕಳ್ಸವ್ರಮ್ಮ. ಪಂದ್ಯಕ್ಕೆ ನೀರು ನಿಲ್ಸಿದ್ದಕ್ಕೆ ರೊಂಬ ಸಂತೋಷವಂತೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಎದುರುಮನೆಯ ಮಂಗಮ್ಮ ಕೇರುತ್ತಿದ್ದ ಮೊರ ನಿಲ್ಲಿಸಿ ನೋಡಿದಳು. ಬೈರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೂರು ದಿನದಿಂದ ಗಂಡ ಅವಳ ಕೈಯ ಅನ್ನ ಮುಟ್ಟಿರಲಿಲ್ಲ. ಸೊಸೆ ಬಡಿಸಿದರೆ ಉಣ್ಣುತ್ತಿದ್ದ, ಕೆಮ್ಮುತ್ತಿದ್ದ, ಮಲಗುತ್ತಿದ್ದ. ಈಗ ಈ ಮಾತನ್ನೂ ಒಳಗಿನಿಂದ ಕೇಳಿಸಿಕೊಂಡಿರಬೇಕು.

ಮುನಿಶಾಮಿ ಡಬ್ಬವನ್ನು ಪೇದೆಯ ಕೈಯಿಂದ ಕಿತ್ತು ಹೆಗಲಿಗೇರಿಸಿದ. "ಅಮ್ಮ, ಇದನ್ನ ಬಂಗಲೇಲಿ ಇಟ್ಟು ಬತ್ತೀನಿ. ನೀನು ಯಾಕೆ ಕೂತಿದ್ದು ಅಂತ ಹೇಳಿ ಬತ್ತೀನಿ."

"ಕೆಲಸ ಹೋಯ್ತದೆ ಕಣ್ಲಾ."

"ಹೋಗ್ಲಿ ಬುಡು. ನೀನು ಗೂಡೆಗೆ ಹೋಗು, ನಮ್ಮ ಮನೆ ಸರದಿ. ನಾನು ಮಧ್ಯಾಹ್ನದೊಳಗೆ ಬಂದ್ಬುಡ್ತೀನಿ."

ಬೈರಮ್ಮ ಒಬ್ಬಳೇ ಕೋಡಿಗೆ ಹೋದಳು. ಗೂಡೆಗೆ ಎರಡು ಕಡೆ ಎರಡೆರಡು ಹಗ್ಗ. ಇಬ್ಬರು ಎದುರುಬದುರು ನಿಂತು ಒಟ್ಟಿಗೆ ಬಗ್ಗಿ ಒಟ್ಟಿಗೆ ಎಳೆದರೆ ಮಾತ್ರ ನೀರು ಏಳುತ್ತದೆ. ಅವಳು ತನ್ನ ಕಡೆಯ ಹಗ್ಗ ಹಿಡಿದು ನಿಂತಳು. ಎದುರು ಹಗ್ಗ ನೆಲದ ಮೇಲೆ ಬಿದ್ದಿತ್ತು. ಸುತ್ತ ಬೇರೆ ಜೋಡಿಗಳು ಎತ್ತುತ್ತಿದ್ದವು. ಬಸುರಿ ಸೊಸೆಯನ್ನು ಕರೆಯುವ ಹಾಗಿಲ್ಲ. ಮಂಗಮ್ಮ ಅವಳನ್ನು ದಾಟಿ ಹೋದಳು. ಗೌಡನ ಆಳು ನೋಡಿಯೂ ನೋಡದವನ ಹಾಗೆ ಇನ್ನೊಂದು ಕಡೆ ತಿರುಗಿದ. ಅವಳ ಪಾಲಿನ ಕಾಲುವೆ ಒಣಗಿಯೇ ಇತ್ತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹಗ್ಗ ಬಿಡಬೇಕಾಗಿತ್ತು, ಬಿಡಲಿಲ್ಲ.

ಏರಿಯ ಮೇಲೆ ಕೆಮ್ಮಿನ ಸದ್ದು ಕೇಳಿಸಿತು. ತಲೆಗೆ ಕಂಬಳಿ ಹೊದ್ದ ಆವುಲಪ್ಪ ನಿಧಾನವಾಗಿ ಇಳಿದು ಬಂದ. ಜನ ಎತ್ತುವುದನ್ನು ನಿಲ್ಲಿಸಿ ನೋಡಿದರು. ಅವನು ಯಾರ ಕಡೆಯೂ ನೋಡದೆ ಕಂಬಳಿ ಮಡಿಸಿ ಕಲ್ಲಿನ ಮೇಲಿಟ್ಟು, ಅವಳ ಎದುರಿಗೆ ಬಂದು ಬಿದ್ದಿದ್ದ ಹಗ್ಗಗಳನ್ನು ಎತ್ತಿಕೊಂಡ.

"ನಿನ್ನ ಕೈಲಾಗಲ್ಲ," ಎಂದಳು ಬೈರಮ್ಮ.

"ನಿನ್ನೊಬ್ಬಳ ಕೈಲಾಯ್ತದಾ?"

ಹಗ್ಗ ಬಿಗಿಯಾಯಿತು. ಅವನು ಅದನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡ. ಆಮೇಲೆ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಮೂರನೇ ಸಲ ಮುಳುಗಿದ್ದಿದ್ರೆ ನಾನು ಮೇಲಕ್ಕೆ ಬತ್ತಿರ್ಲಿಲ್ಲ ಕಣೆ."

"ಗೊತ್ತು," ಎಂದಳು ಬೈರಮ್ಮ. "ಬಗ್ಗು."

ಇಬ್ಬರೂ ಬಗ್ಗಿದರು.